ಅಮ್ಮನಿಗೆ ತಂದ ಹೂವು

ಹೊರದೇಶಕ್ಕೆ ಹೋದವರಿಗೆಲ್ಲ ವಾಪಸ್ ಹೊರಡುವಾಗ ಬರುವ ತಲೆನೋವು ನನಗೂ ಬಂತು. ಅಮ್ಮನಿಗೆ ಏನು ಒಯ್ಯೋದು? ಚಾಕಲೇಟು ಅವಳ ಸಕ್ಕರೆ ಕಾಯಿಲೆಗೆ ಆಗೋಲ್ಲ. ಸೆಂಟು ಅಂದರೆ ಸೀನು.

ಹಾಲೆಂಡಿನಲ್ಲಿ ಕೊನೆಯ ದಿನ, ದಿ ಹೇಗ್ ಊರಿನ ಒಂದು ಅಂಗಡಿಗೆ ನುಗ್ಗಿದೆ. ಎಲ್ಲಿ ನೋಡಿದರೂ ಹೂವು! ಮಗ್ಗು, ಕೊಡೆ, ಕನ್ನಡಕದ ಡಬ್ಬಿ, ಟ್ರೇ, ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ಟು... ಎಲ್ಲದರ ಮೇಲೂ ಮುನ್ನೂರು ನಾನೂರು ವರ್ಷದ ಹಿಂದಿನ ಚಿತ್ರಗಳಿಂದ ಎತ್ತಿಕೊಂಡ ಟ್ಯುಲಿಪ್ಪು, ಗುಲಾಬಿ. ನಾನು ಆರಿಸಿದ್ದು ಒಂದು ಸ್ಕಾರ್ಫು. ಅದರ ಮೂಲಚಿತ್ರವನ್ನು ಹಿಂದಿನ ದಿನವಷ್ಟೇ ಅದೇ ಊರಿನ ಮೌರಿತ್ಸ್‌ಹೌಸ್ ಮ್ಯೂಸಿಯಮ್ಮಿನಲ್ಲಿ ನೋಡಿದ್ದೆ. ಅಂಬ್ರೋಸಿಯಸ್ ಬೋಸ್‌ಖಾರ್ಟ್ ಎಂಬಾತ ಸುಮಾರು 1618ರಲ್ಲಿ ಮರದ ಹಲಗೆಯ ಮೇಲೆ ಬರೆದದ್ದು. ಕಿಟಕಿಯ ಕಟ್ಟೆ, ಅದರ ಮೇಲೆ ಗಾಜಿನ ಹೂದಾನಿ, ಹಿಂದೆ ದೂರದ ಬಯಲು. ಎತ್ತರ 64 ಸೆಂಟಿಮೀಟರು, ಅಗಲ 46, ಅಷ್ಟೇ. ಈ ಪುಣ್ಯಾತ್ಮ 1621ರಲ್ಲಿ ತೀರಿಕೊಂಡದ್ದೂ ದಿ ಹೇಗಿನಲ್ಲೇ, ಒಂದು ಹೂವಿನ ಚಿತ್ರ ತಲುಪಿಸಲು ಬಂದಾಗ. ಆ ಚಿತ್ರದ ಬೆಲೆ 1000 ಗಿಲ್ಡರ್. ಆ ಕಾಲಕ್ಕೆ ಭಾರೀ ಮೊತ್ತ. ನನ್ನ ಸ್ಕಾರ್ಫು ಒಂದು ಹೊತ್ತಿನ ಹೋಟೆಲ್ ಊಟದ ಖರ್ಚಿಗೆ ಬಂತು.

ಊರಿಗೆ ಬಂದು ಅಮ್ಮನ ಕೈಗಿಟ್ಟೆ. ಬಿಡಿಸಿ ನೋಡಿದಳು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿದಳು. "ಚೆನ್ನಾಗಿದೆ ಕಣೇ" ಅಂದಳು. ಮತ್ತೆ ಮಡಿಸುತ್ತಾ ಮೆಲ್ಲಗೆ, "ನಂಗ್ಯಾಕೇ ಇಷ್ಟೊಂದು ಹೂವು?"

ಆಗ ಹೊಳೆಯಿತು ನನಗೆ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಶುಕ್ರವಾರ ತಪ್ಪದೆ ಎರಡು ಮೊಳ ಮಲ್ಲಿಗೆ ಕೊಂಡು ಮುಡಿಯುತ್ತಿದ್ದವಳು ಅಮ್ಮ. ಮುಡಿಯಬೇಡ ಅಂತ ಯಾರೂ ಅವಳಿಗೆ ಹೇಳಲಿಲ್ಲ. ಮುಡಿ ಅಂತಲೂ ಯಾರೂ ಹೇಳಲಿಲ್ಲ. ಊರಿಗೆಲ್ಲ ಸಮಾನತೆ ಬೋಧಿಸುವ ನಾನೂ ಹೇಳಲಿಲ್ಲ. ಈಗಲೂ ದಿನಾ ಹಿತ್ತಲ ಹೂವು ಕೊಯ್ದು ಕಟ್ಟುತ್ತಾಳೆ, ದೇವರಿಗಿಷ್ಟು, ಪಕ್ಕದ ಮನೆಗಿಷ್ಟು. ಅವಳ ತಲೆ ಮಾತ್ರ ಬೋಳುಬೋಳು.

ಮಾತು ಮರೆಸಲು ಬ್ಯಾಗಿನಿಂದ ಪೋಸ್ಟ್‌ಕಾರ್ಡ್ ತೆಗೆದೆ. ಅದೇ ಚಿತ್ರ, ಆದರೆ ಇಡಿಯಾಗಿ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇವೆಲ್ಲಾ ಒಟ್ಟಿಗೆ ಬಿಡ್ತಾವೇನೇ ಅಲ್ಲಿ?"

ಹೂ ಕಟ್ಟುವವಳ ಪ್ರಶ್ನೆ! ಬಿಡೋಲ್ಲ. ಟ್ಯುಲಿಪ್ಪು ವಸಂತದ್ದು, ಗುಲಾಬಿ ಬೇಸಿಗೆಯದು. ಒಂದೊಂದು ಹೂವನ್ನೂ ಅದರದರ ಕಾಲದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಎಲ್ಲವನ್ನೂ ಒಂದೇ ಹೂದಾನಿಯಲ್ಲಿ ಜೋಡಿಸುತ್ತಿದ್ದರು. ಅದದೇ ಹೂವು ಬೇರೆ ಚಿತ್ರದಲ್ಲೂ ಬಂದು ಕೂರುತ್ತಿತ್ತು.

"ಅಂದ್ರೆ ಈ ಹೂದಾನಿ ಹೀಗೆ ಯಾವತ್ತೂ ಇರ್ಲೇ ಇಲ್ಲ ಅನ್ನು... ಅಯ್ಯೋ, ಎಲೆ ಹುಳ ತಿಂದಿದೆ ನೋಡು! ನೊಣ ಬೇರೆ. ದುಡ್ಡು ಕೊಟ್ಟು ನೊಣ ಬರೆಸ್ಕೊಂಡಿದಾರಲ್ಲೇ!"

ಹೌದು, ಕೊಟ್ಟೇ ಬರೆಸಿಕೊಂಡರು. ಕಟ್ಟೆಯ ಮೇಲೆ ಬಿದ್ದಿರುವ ಹೂವು, ಖಾಲಿ ಕಪ್ಪೆಚಿಪ್ಪು, ತೂತುಬಿದ್ದ ಎಲೆ, ನೊಣ... ಇದೆಲ್ಲ ನಾಳೆ ಬಾಡುತ್ತೆ ಅನ್ನೋದನ್ನೂ ಸೇರಿಸಿಯೇ ಕೊಳ್ಳುತ್ತಿದ್ದರು ಆಗಿನವರು. ಸ್ಕಾರ್ಫು ಬಿಡಿಸಿ ಪಕ್ಕದಲ್ಲಿಟ್ಟೆ. ಕಟ್ಟೆ ಇಲ್ಲ, ಚಿಪ್ಪಿಲ್ಲ, ನೊಣ ಇಲ್ಲ. ಹೂವಷ್ಟನ್ನೇ ಕತ್ತರಿಸಿ ದೊಡ್ಡದು ಮಾಡಿ ಅಚ್ಚುಹಾಕಿದ್ದರು. ಮಾರುವವರದೇನು ತಪ್ಪು? ಕತ್ತಿನ ಮೇಲೆ ನೊಣ ಇರೋ ಸ್ಕಾರ್ಫನ್ನು ನಾನೂ ಕೊಳ್ಳುತ್ತಿರಲಿಲ್ಲ :)

ಪೋಸ್ಟ್‌ಕಾರ್ಡ್ ದೇವರಮನೆ ಪಕ್ಕದ ಗೋಡೆಗೆ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಕೊಂಡಿತು. ಸ್ಕಾರ್ಫು ಬೀರು ಸೇರಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಕಳೆದ ಧನುರ್ಮಾಸದಲ್ಲಿ ಊರಿಗೆ ಹೋಗಿದ್ದೆ. ಬೆಳಗಿನ ಜಾವ ಐದಕ್ಕೆ ಗೇಟಿನ ಸದ್ದಾಯಿತು, ಎದ್ದು ನೋಡಿದೆ. ಅಮ್ಮ ದೇವಸ್ಥಾನಕ್ಕೆ ಹೊರಟಿದ್ದಳು. ಚಳಿಗೆ ಕಿವಿ ಮುಚ್ಚುವಂತೆ ತಲೆಗೆ ಸ್ಕಾರ್ಫು ಸುತ್ತಿದ್ದಳು. ಬೀದಿ ದೀಪದ ಬೆಳಕಿನಲ್ಲಿ ತಲೆತುಂಬಾ ಟ್ಯುಲಿಪ್ಪು, ಗುಲಾಬಿ.

ನಾನು ಏನೂ ಹೇಳಲಿಲ್ಲ. ಅವಳೇ ತಿರುಗಿ, "ಬೆಚ್ಚಗಿರತ್ತೆ ಕಣೇ ಇದು. ಪಕ್ಕದ ಮನೆಯವರೂ ಕೇಳ್ತಿದಾರೆ, ಇನ್ನೊಂದು ಸಿಗತ್ತಾ ನೋಡು" ಅಂದು ಗೇಟು ಹಾಕಿಕೊಂಡು ಹೊರಟಳು.