ಯಾವ ಸ್ಟೇಷನ್? — ವಿಮಾನ ಇಳಿದು ರೈಲು ಹತ್ತುವವರ ಕುರಿತ ಟಿಪ್ಪಣಿಗಳು

ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ವಾಯುವಜ್ರ ಬಸ್ಸುಗಳು ನಿಲ್ಲುವ ಕಡೆ ಹೆಚ್ಚಾಗಿ ಕೇಳಿಸುವ ಪ್ರಶ್ನೆ, ‘ಇದು ರೈಲ್ವೆ ಸ್ಟೇಷನ್‌ಗೆ ಹೋಗುತ್ತಾ?’ ಪಳಗಿದ ಕಂಡಕ್ಟರ್ ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ. ‘ಯಾವ ಸ್ಟೇಷನ್?’ ಅನ್ನುತ್ತಾನೆ. ಕೇಳಿದವರು ತಬ್ಬಿಬ್ಬು. ಫೋನ್ ತೆಗೆದು ಟಿಕೆಟ್ ನೋಡುತ್ತಾರೆ. ಅದರಲ್ಲಿ ಎಸ್‌ಬಿಸಿ ಎಂದೋ ವೈಪಿಆರ್ ಎಂದೋ ಎಸ್‌ಎಂವಿಬಿ ಎಂದೋ ಇರುತ್ತದೆ. ಮೊದಲನೆಯದು ಮೆಜೆಸ್ಟಿಕ್ಕಿನ ಸಿಟಿ ಸ್ಟೇಷನ್, ಈಗಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಎರಡನೆಯದು ಯಶವಂತಪುರ. ಮೂರನೆಯದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, 2022ರ ಜೂನ್‌ನಲ್ಲಿ ಶುರುವಾದದ್ದು. ಪಟ್ನಾ, ಗುವಾಹಟಿ ಕಡೆಯ ರೈಲುಗಳು ಈಗ ಅಲ್ಲಿಂದ. ‘ಬೆಂಗಳೂರು ಸ್ಟೇಷನ್’ ಎಂದಷ್ಟೇ ತಿಳಿದು ಮೆಜೆಸ್ಟಿಕ್ ಬಸ್ ಹತ್ತಿದವರು ಊರಿನ ಇನ್ನೊಂದು ಮೂಲೆಗೆ ಓಡಬೇಕು. ಇವಲ್ಲದೆ ದಂಡು (ಕಂಟೋನ್ಮೆಂಟ್) ನಿಲ್ದಾಣ ಬೇರೆ ಇದೆ. ಅದನ್ನು ಹೇಳಹೋದರೆ ಪ್ರಯಾಣಿಕ ಕುಸಿದು ಕೂರುತ್ತಾನೆ.

*

ಒಂಟಿಯಾಗಿ ಬಂದವರು ಟ್ಯಾಕ್ಸಿ ಸಾಲಿನಲ್ಲಿ, ನಾಲ್ಕು ಜನರ ಸಂಸಾರಗಳು ಬಸ್ಸಿನ ಬಾಗಿಲಲ್ಲಿ. ಲೆಕ್ಕ ಹಾಕಿದರೆ ಇದು ತಲೆಕೆಳಗು. ನಾಲ್ಕು ಬಸ್ ಟಿಕೆಟ್ಟಿನ ದುಡ್ಡು ಸೇರಿದರೆ ಒಂದು ಟ್ಯಾಕ್ಸಿಗೆ ಹತ್ತಿರ ಬರುತ್ತದೆ. ಒಬ್ಬನಿಗಾದರೆ ಬಸ್ಸೇ ಅಗ್ಗ. ಆದರೂ ಹೀಗೇ ನಡೆಯುತ್ತಿರುತ್ತದೆ. ನನ್ನ ಊಹೆ: ಒಂಟಿ ಪ್ರಯಾಣಿಕನ ಖರ್ಚು ಬಹಳ ಸಲ ಕಂಪನಿಯ ಲೆಕ್ಕಕ್ಕೆ ಹೋಗುತ್ತದೆ, ಸಂಸಾರದ್ದು ಮನೆಯ ಲೆಕ್ಕಕ್ಕೆ. ಸಂಸಾರದ ಯಜಮಾನನಿಗೆ ‘ಟ್ಯಾಕ್ಸಿಗೆ ಸಾವಿರ’ ಎಂಬ ಒಂದೇ ದೊಡ್ಡ ಅಂಕಿ ಕಾಣುತ್ತದೆ, ನಾಲ್ಕು ಸಣ್ಣ ಅಂಕಿಗಳ ಮೊತ್ತ ಕಾಣುವುದಿಲ್ಲ.

*

ಬಸ್ಸು, ಟ್ಯಾಕ್ಸಿ ಬಿಟ್ಟರೆ ರೈಲೂ ಇದೆ. ಅದಂತೂ ನನಗೆ ಇನ್ನೂ ಬಿಡಿಸಲಾಗದ ಗಂಟು. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ರೈಲು ಹಳಿ ಬಿದ್ದದ್ದು 1915ರ ಸುಮಾರಿಗೆ, ನ್ಯಾರೋಗೇಜ್ ಕಾಲದಲ್ಲಿ. ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಎಂದು ಕಲ್ಲುಕಟ್ಟಡದ ಪುಟ್ಟ ಪುಟ್ಟ ನಿಲ್ದಾಣಗಳು. ವಿಮಾನ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ, ಅದೇ ಹಳಿಯ ಮಗ್ಗುಲಲ್ಲಿ. ಅಂದರೆ ವಿಮಾನಗಳು ಬರುವುದಕ್ಕೆ ತೊಂಬತ್ತು ವರ್ಷ ಮೊದಲೇ ರೈಲು ಬಂದು ಕಾಯುತ್ತಿತ್ತು. ಆದರೂ ವಿಮಾನದವರಿಗೆಂದು ಒಂದು ಹಾಲ್ಟ್ ಸಿಕ್ಕಿದ್ದು 2021ರ ಜನವರಿಯಲ್ಲಿ. ಆ ಹಾಲ್ಟ್‌ನಿಂದ ಟರ್ಮಿನಲ್‌ಗೆ ಇನ್ನೂ ಮೂರ್ನಾಲ್ಕು ಕಿಲೋಮೀಟರ್. ನಡುವೆ ಒಂದು ಬಸ್.

ಕೆಂಪೇಗೌಡರ ಹಿರೀಕರು ಇದೇ ಹಳಿಯ ಪಕ್ಕದ ಆವತಿಯವರು. ಅವರ ಹೆಸರಿನ ವಿಮಾನ ನಿಲ್ದಾಣ, ಅವರ ಹೆಸರಿನ ಮೆಜೆಸ್ಟಿಕ್ ಬಸ್ ನಿಲ್ದಾಣ, ಅವರ ಪೂರ್ವಿಕರ ಊರು, ಮೂರನ್ನೂ ರೈಲಿನಲ್ಲೇ ಮುಟ್ಟಬಹುದು. ಯಲಹಂಕ ದಾಟಿದ ಮೇಲೆ ಹಳಿಗಳು ಯಶವಂತಪುರ, ಬಾಣಸವಾಡಿ, ಚನ್ನಸಂದ್ರಗಳ ಕಡೆಗೆ ಕವಲೊಡೆಯುತ್ತವೆ. ಕಂಡಕ್ಟರನ ‘ಯಾವ ಸ್ಟೇಷನ್?’ ಎಂಬ ಪ್ರಶ್ನೆಗೆ ‘ಎಲ್ಲವೂ’ ಎಂದು ಉತ್ತರ ಕೊಡಬಲ್ಲದ್ದು ಈ ಹಳಿಗಳು ಮಾತ್ರ. ಟಿಕೆಟ್ಟೋ, ಹಾಲ್ಟ್ ಶುರುವಾದಾಗ ಹತ್ತು ಹದಿನೈದು ರೂಪಾಯಿ.

ಹಾಗಾದರೆ ಜನ ಏಕೆ ಹತ್ತುವುದಿಲ್ಲ? ಸಾವಿರಾರು ರೂಪಾಯಿ ಕೊಟ್ಟು ಹಾರಿ ಬಂದವನಿಗೆ ಹದಿನೈದು ರೂಪಾಯಿಯ ಸೇವೆಯ ಮೇಲೆ ನಂಬಿಕೆ ಹುಟ್ಟುವುದಿಲ್ಲ ಎಂದು ಮೊದಲು ಬರೆದುಕೊಂಡಿದ್ದೆ. ಈಗ ಅದಕ್ಕೆ ಅಡ್ಡಗೆರೆ ಎಳೆದಿದ್ದೇನೆ. ಓಡುವ ರೈಲುಗಳೇ ಬೆರಳೆಣಿಕೆಯಷ್ಟು. ವಿಮಾನ ಅರ್ಧ ಗಂಟೆ ತಡವಾಗಿ ಇಳಿದರೆ, ಸೂಟ್‌ಕೇಸು ಬೆಲ್ಟಿನ ಮೇಲೆ ಬರಲು ಸತಾಯಿಸಿದರೆ ಮುಗಿಯಿತು. ಮುಂದಿನ ರೈಲಿಗೆ ತಾಸುಗಟ್ಟಲೆ ಕಾಯಬೇಕು. ಟ್ಯಾಕ್ಸಿ ಒಂದು ತಪ್ಪಿದರೆ ಹಿಂದೆಯೇ ಇನ್ನೊಂದಿದೆ. ರೈಲು ಹಿಡಿಯುವ ಆತಂಕದಲ್ಲಿರುವವನು ದುಡ್ಡು ಸುರಿಯುವುದು ಆ ‘ಇನ್ನೊಂದಿದೆ’ ಎಂಬ ಧೈರ್ಯಕ್ಕೆ. ರೈಲಿನ ವೇಳಾಪಟ್ಟಿ ನೋಡಿದರೆ ಅದು ಪಾಳಿಗೆ ಬರುವ ವಿಮಾನ ನಿಲ್ದಾಣದ ನೌಕರರಿಗೆ ಹೆಚ್ಚು ಒಗ್ಗುವಂತೆ ಕಾಣುತ್ತದೆ. ಅವರಿಗಾದರೂ ಒಗ್ಗಲಿ.

*

ಬಳ್ಳಾರಿ ರಸ್ತೆಯಲ್ಲಿ ಫೋನಿನ ಸಂಭಾಷಣೆ ಯಾವ ವಾಹನದಲ್ಲಾದರೂ ಒಂದೇ. ‘ಎಲ್ಲಿದ್ದೀಯ?’ ‘ಸಾದಹಳ್ಳಿ ಟೋಲ್.’ ‘ಹೆಬ್ಬಾಳ ದಾಟಿದ ಮೇಲೆ ಫೋನ್ ಮಾಡು.’ ವಿಮಾನ ನಿಲ್ದಾಣದಿಂದ ಸಿಟಿ ಸ್ಟೇಷನ್‌ಗೆ ಸುಮಾರು 35 ಕಿಲೋಮೀಟರ್. ಆದರೆ ದೂರವನ್ನು ಯಾರೂ ಕೇಳುವುದಿಲ್ಲ, ಹೆಬ್ಬಾಳವನ್ನು ಕೇಳುತ್ತಾರೆ. ಹೆಬ್ಬಾಳದಲ್ಲಿ ಟ್ಯಾಕ್ಸಿಯೂ ಬಸ್ಸೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಸಾವಿರ ಕೊಟ್ಟವನು ಪಕ್ಕದ ಕಿಟಕಿಯಲ್ಲಿ ಬಸ್ಸಿನವನನ್ನು ನೋಡುತ್ತಾನೆ. ಬಸ್ಸಿನವನು ಅವನನ್ನು ನೋಡುವುದಿಲ್ಲ; ಅವನ ಕಣ್ಣು ಮುಂದಿನ ರ‍್ಯಾಕಿನಲ್ಲಿಟ್ಟ ಸೂಟ್‌ಕೇಸಿನ ಮೇಲೆ.

ಬಲ್ಲವರು ಯಶವಂತಪುರಕ್ಕೆ ಹೋಗಬೇಕಿದ್ದರೆ ಮೇಖ್ರಿ ವೃತ್ತದಲ್ಲಿಯೇ ಇಳಿದು ಆಟೊ ಹಿಡಿಯುತ್ತಾರೆ. ಇದು ಯಾವ ಫಲಕದಲ್ಲೂ ಬರೆದಿಲ್ಲ, ಬಾಯಿಂದ ಬಾಯಿಗೆ ಸಾಗುವ ವಿದ್ಯೆ.

*

ಕೆಐಎ–9 ಬಸ್ಸು ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇಳಿಸುತ್ತದೆ. ರೈಲು ನಿಲ್ದಾಣ ಎದುರಿಗೇ ಇದೆ. ‘ಎದುರಿಗೇ’ ಅನ್ನುವುದು ಬರಿಗೈಯವರ ಭಾಷೆ. ಎರಡು ಸೂಟ್‌ಕೇಸು, ಒಂದು ಮಗು, ಮಂಡಿ ನೋವಿನ ತಾಯಿ ಇದ್ದವರಿಗೆ ಸುರಂಗಮಾರ್ಗ, ಮೆಟ್ಟಿಲು, ಹಣ್ಣಿನ ಗಾಡಿಗಳನ್ನು ದಾಟಿ ಆಚೆ ಮುಟ್ಟುವಷ್ಟರಲ್ಲಿ 35 ಕಿಲೋಮೀಟರ್ ಬಂದದ್ದೇ ಸಲೀಸು ಅನ್ನಿಸಿರುತ್ತದೆ.

ಟ್ಯಾಕ್ಸಿಯವನ ಪ್ರಶ್ನೆ ಬೇರೆ: ‘ಮುಂದಿನ ಗೇಟಾ, ಹಿಂದಿನ ಗೇಟಾ?’ ಒಂದನೇ ಪ್ಲಾಟ್‌ಫಾರಂ ಮೆಜೆಸ್ಟಿಕ್ ಕಡೆಗೆ, ಹತ್ತನೆಯದು ಹಿಂಬದಿಗೆ, ಮೆಟ್ರೊ ನಿಲ್ದಾಣವೂ ಹಿಂಬದಿಗೇ. ತನ್ನ ರೈಲು ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ವಿಮಾನ ಇಳಿದು ಬಂದ ಅಪರಿಚಿತನಿಗೆ ಹೇಗೆ ಗೊತ್ತಿರಬೇಕು? ಚಾಲಕನಿಗೆ ಗೊತ್ತಿರುತ್ತದೆ, ಕೆಲವೊಮ್ಮೆ.

*

ಕಟ್ಟುತ್ತಿರುವ ನೀಲಿ ಮೆಟ್ರೊದ ನಕ್ಷೆ ಹರಡಿಕೊಂಡು ನೋಡಿದೆ. ಸಿಲ್ಕ್ ಬೋರ್ಡ್, ಕೆ.ಆರ್. ಪುರ, ಹೆಬ್ಬಾಳ, ವಿಮಾನ ನಿಲ್ದಾಣ. ಐಟಿ ಕಚೇರಿಗಳ ಬಾಗಿಲು ತಟ್ಟಿಕೊಂಡು ಹೋಗುವ ದಾರಿ. ಮೆಜೆಸ್ಟಿಕ್ ಅದರ ಮೇಲಿಲ್ಲ. ಸಿಟಿ ಸ್ಟೇಷನ್‌ಗೆ ಬರುವವರು ನಡುವೆ ಬೇರೆ ಮಾರ್ಗಕ್ಕೆ ಬದಲಾಯಿಸಿ ಊರು ಸುತ್ತಿ ಬರಬೇಕು. ಸಿಟಿ ಸ್ಟೇಷನ್‌ನಿಂದ ಯಲಹಂಕದ ಮೇಲೆ ದೇವನಹಳ್ಳಿಗೆ ನೇರ ಹೋಗಬೇಕಾದದ್ದು ಉಪನಗರ ರೈಲಿನ ‘ಸಂಪಿಗೆ’ ಮಾರ್ಗ, 41 ಕಿಲೋಮೀಟರ್. ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರಿಟ್ಟು 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಮೊದಲು ಕೆಲಸ ಹಿಡಿದದ್ದು ಮಾತ್ರ ‘ಸಂಪಿಗೆ’ಗಲ್ಲ, ‘ಮಲ್ಲಿಗೆ’ಗೆ.

ದೆಹಲಿಯಲ್ಲಿ 2011ರಿಂದಲೇ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ನವದೆಹಲಿ ರೈಲು ನಿಲ್ದಾಣಕ್ಕೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಮುಟ್ಟಿಸುತ್ತದೆ. ಚೆನ್ನೈನಲ್ಲಿ ತಿರುಸೂಲಂ ಲೋಕಲ್ ನಿಲ್ದಾಣ ವಿಮಾನ ನಿಲ್ದಾಣದ ಎದುರಿಗೇ ಇದೆ. ಆ ಊರುಗಳಲ್ಲಿ ಯಾರಾದರೂ ಒಬ್ಬ ಅಧಿಕಾರಿ ವಿಮಾನ ಇಳಿದು ರೈಲು ಹತ್ತಿದ್ದಿರಬೇಕು. ಇಲ್ಲಿ ವಿಮಾನದವರು ಬೇರೆ ಜಾತಿ, ರೈಲಿನವರು ಬೇರೆ ಜಾತಿ ಎಂದು ತಿಳಿದೇ ಎಲ್ಲವನ್ನೂ ಯೋಜಿಸಿದಂತಿದೆ. ದುಬೈನಿಂದ ಇಳಿದು ಹುಬ್ಬಳ್ಳಿ ರೈಲು ಹತ್ತುವ ಹುಡುಗ ಎರಡೂ ಲೆಕ್ಕಕ್ಕೆ ಸೇರುವುದಿಲ್ಲ.

*

ಮೈಸೂರಿನವರು ಈ ರಗಳೆಯಿಂದ ಜಾಣತನದಿಂದ ತಪ್ಪಿಸಿಕೊಂಡಿದ್ದಾರೆ. ಟರ್ಮಿನಲ್ ಬಾಗಿಲಿನಿಂದಲೇ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹತ್ತಿದರೆ ನೇರ ಮೈಸೂರು. ಮೊನ್ನೆ ಆ ಬಸ್ಸಿನ ಬಳಿ ಒಬ್ಬರು, ಸಿಟಿ ಸ್ಟೇಷನ್‌ನಿಂದ ಹೊರಡುವ ರೈಲಿನ ಕನ್ಫರ್ಮ್ ಟಿಕೆಟ್ ಕೈಯಲ್ಲಿದ್ದೂ ಬಸ್ ಟಿಕೆಟ್ ಕೊಳ್ಳುತ್ತಿದ್ದರು. ಯಾಕೆಂದು ಕೇಳಿದೆ. ‘ರೈಲೇನೋ ಸರಿಯಾದ ಟೈಮಿಗೆ ಹೊರಡುತ್ತೆ ಸಾರ್, ನಾನು ಅಲ್ಲಿರ್ತೀನಾ ಅನ್ನೋದೇ ಡೌಟು’ ಎಂದವರು, ರೈಲು ಟಿಕೆಟ್ ಈಗ ಕ್ಯಾನ್ಸಲ್ ಮಾಡಿದರೆ ಎಷ್ಟು ಕಡಿತವಾಗುತ್ತದೆ ಎಂದು ನನ್ನನ್ನೇ ಕೇಳಿದರು.