ಲಂಗರಿನ ಕೆಸರು

ಬೇಲಾಪುರದ ಬಳಿಯ ದಿವಾಳೆ ಕೋಳಿವಾಡವೆಂಬ ಮೀನುಗಾರರ ಕೇರಿಯಲ್ಲಿ, ಠಾಣೆ ಖಾಡಿಯೆಂಬ ಕಡಲ ಹಿನ್ನೀರಿನಿಂದ ಮರಳಿದ ದೋಣಿಗಳ ಲಂಗರಿಗೆ ಮೆತ್ತಿಕೊಂಡು ಬರುವ ಕರಿಯ ಕೆಸರನ್ನು ಒಂದು ಡಬ್ಬಿಯಷ್ಟು ಕೇಳಿ ಪಡೆದು ಡೊಂಬಿವಲಿಯ ಮನೆಗೆ ತರುವುದರಲ್ಲಿ ನನಗಿರುವ ಸುಖವನ್ನು, ಆ ಕೆಸರಿನೊಳಗೆ ಏನಿದೆಯೆಂಬುದನ್ನು ಕಣ್ಣಾರೆ ಕಂಡವರಷ್ಟೇ ಬಲ್ಲರು. ರಾತ್ರಿಯೆಲ್ಲ ನೀರಿನಲ್ಲಿ ನೆನೆದ ಆ ಮಣ್ಣನ್ನು 63 ಮೈಕ್ರಾನ್ ಕಂಡಿಯ ಜರಡಿಯ ಮೇಲಿಟ್ಟು, ನಲ್ಲಿಯ ಸಣ್ಣ ಧಾರೆಯಡಿಯಲ್ಲಿ, ಬೆರಳಿನಿಂದ ಒತ್ತದೆ, ಆತುರಪಡದೆ ತೊಳೆಯುತ್ತ ಹೋದರೆ, ಜೇಡಿಯೆಲ್ಲ ಹರಿದುಹೋಗಿ ಕಡೆಗೆ ಚಿಟಿಕೆಯಷ್ಟು ಮರಳು ಉಳಿಯುತ್ತದೆ. ಅದನ್ನು ಒಣಗಿಸಿ, ಕಪ್ಪು ತಟ್ಟೆಯ ಮೇಲೆ ತೆಳ್ಳಗೆ ಉದುರಿಸಿ ಸೂಕ್ಷ್ಮದರ್ಶಕದಡಿ ಇಟ್ಟೊಡನೆ, ಮರಳೆಂದು ತೋರಿದ್ದರ ನಡುವೆ, ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು ಕಟ್ಟಿ, ಬಿಟ್ಟುಹೋದ ಚಿಪ್ಪುಗಳು ಬೆಳಗತೊಡಗುತ್ತವೆ.

ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಅಮೋನಿಯ ಎಂಬ ಕುಲ. ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗೂ ಕಿರಿದಾದ ಆ ಚಿಪ್ಪಿನ ಒಂದು ಮಗ್ಗುಲಲ್ಲಿ, ನಡುವಿನ ಮೊದಲ ಕೋಣೆಯಿಂದ ತೊಡಗಿ ಸುತ್ತುಸುತ್ತಾಗಿ ಹಿಗ್ಗುತ್ತ ಬಂದ ಕೋಣೆಗಳೆಲ್ಲವೂ ಕಾಣುತ್ತವೆ. ಒದ್ದೆಯ ಕುಂಚದ ತುದಿಯಿಂದ ಮೆಲ್ಲನೆ ಮಗುಚಿದರೆ, ಇನ್ನೊಂದು ಮಗ್ಗುಲಲ್ಲಿ ಕಡೆಯ ಸುತ್ತು ಮಾತ್ರ. ಮಿದುಳಿಲ್ಲದ, ಕಣ್ಣಿಲ್ಲದ ಒಂದೇ ಒಂದು ಕೋಶವು ಕಡಲನೀರಿನ ಸುಣ್ಣವನ್ನು ಹೀರಿಕೊಂಡು ಇಂಥ ಶಿಲ್ಪವನ್ನು ನಿರ್ಮಿಸುವುದನ್ನು ನೆನೆಯುತ್ತ, ಹೊತ್ತು ಹೋದದ್ದೇ ತಿಳಿಯದೆ ನಾನು ಕುಳಿತಿದ್ದುಂಟು. ಕಲ್ಯಾಣವನ್ನು ದಾಟಿ ಬರುವ ಉಲ್ಹಾಸ ನದಿಯ ಮಳೆಗಾಲದ ಸಿಹಿನೀರು ಖಾಡಿಯ ಉಪ್ಪನ್ನು ತಗ್ಗಿಸಿದರೂ ಅಮೋನಿಯ ಎದೆಗುಂದುವುದಿಲ್ಲ. ಪಿಂಗಾಣಿಯಂತೆ ನುಣುಪಾದ ಮಿಲಿಯೋಲಿಡ್ ಗುಂಪಿನವಾದರೋ ಹೆಚ್ಚಾಗಿ ಉಪ್ಪುನೀರನ್ನೇ ಬಯಸತಕ್ಕವು. ಆದುದರಿಂದ ತಟ್ಟೆಯಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ನೋಡಿ ಅವು ಬಾಳಿದ ನೀರಿನ ಗುಣವನ್ನು ಊಹಿಸಬಹುದು.

ಖಾಡಿಯ ಬಾಯಿ ದಾಟಿದರೆ, ಮುಂಬಯಿಯಿಂದ ಪಶ್ಚಿಮಕ್ಕೆ ಸುಮಾರು 300 ಕಿಲೋಮೀಟರುಗಳವರೆಗೆ ಚಾಚಿಕೊಂಡಿರುವ ಖಂಡಾವರಣ ಪ್ರದೇಶವೆಂಬ ಕಡಲಡಿಯ ಬಯಲು. ದಡದ ಹತ್ತಿರ ನದಿಗಳು ತಂದ ಕೆಸರು. ಹೊರ ಅಂಚಿನಲ್ಲಿ ಸುಣ್ಣದ ಮರಳು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಪರಾಕಾಷ್ಠೆಯಲ್ಲಿ, ಸಮುದ್ರವು ಇಂದಿಗಿಂತ 120 ಮೀಟರಿನಷ್ಟು ತಗ್ಗಿನಲ್ಲಿದ್ದು, ಆ ಬಯಲಿನ ಬಹುಭಾಗ ನೆಲವಾಗಿದ್ದಿತು; ಮತ್ತೆ ಏರಿಬಂದ ನೀರಿನ ಅಂಚಿನಲ್ಲಿ ಬಾಳಿದ ಚಿಪ್ಪುಗಳು ಸವೆದು, ಹೊಳಪುಗೆಟ್ಟು, ಈಗ ಅವು ಬದುಕಲಾರದ ಆಳದಲ್ಲಿ ಬಿದ್ದುಕೊಂಡಿವೆ. ಅದಕ್ಕೂ ಕೆಳಗೆ, 1974ರಲ್ಲಿ ಎಣ್ಣೆ ದೊರೆತ ಬಾಂಬೆ ಹೈನ ಮಯೋಸೀನ್ ಯುಗದ ಸುಣ್ಣಶಿಲೆಯಲ್ಲಿಯೂ ಇವುಗಳ ಬಳಗವೇ. ಕೊರೆದು ಮೇಲೆ ತಂದ ಕಲ್ಲಿನ ಚೂರುಗಳ ವಯಸ್ಸನ್ನು ಭೂವಿಜ್ಞಾನಿಗಳು ನಿರ್ಣಯಿಸುವಾಗ ಇವುಗಳ ಸಾಕ್ಷ್ಯವನ್ನು ಕೇಳುತ್ತಾರೆ.