ಗಂಡಭೇರುಂಡದ ಹಾದಿ: ಮುಶಿಗೇರಿಯಿಂದ ಬಳ್ಳಿಗಾವಿಗೆ

ಗಜೇಂದ್ರಗಡ ಸೀಮೆಯ ಮುಶಿಗೇರಿಯ ಯಾವುದೇ ಮನೆಯಲ್ಲಿ ಸರಕಾರಿ ಕಾಗದವೊಂದನ್ನು ತೆಗೆದು ನೋಡಿ. ಅದರ ನೆತ್ತಿಯ ಮೇಲೆ ರಾಜ್ಯ ಲಾಂಛನವಿರುತ್ತದೆ. ನಡುವೆ ಎರಡು ತಲೆಯ ಹಕ್ಕಿ ಗಂಡಭೇರುಂಡ, ಅಕ್ಕಪಕ್ಕ ಆನೆಯ ತಲೆ ಮತ್ತು ಸಿಂಹದ ಮೈಯುಳ್ಳ ಪ್ರಾಣಿಗಳು, ಮೇಲೆ ಅಶೋಕಸ್ತಂಭದ ಸಿಂಹಗಳು, ಕೆಳಗೆ 'ಸತ್ಯಮೇವ ಜಯತೇ'. ಇಂಥ ಪ್ರಾಣಿಗಳು ಯಾವ ಕಾಡಿನಲ್ಲೂ ಸಿಗವು. ಹಾಗಾದರೆ ಇವು ಎಲ್ಲಿಂದ ಬಂದವು?

'ಮೈಸೂರಿನಿಂದ' ಎಂದು ಹಿರಿಯರು ಹೇಳುವುದುಂಟು. ಅದು ಸುಳ್ಳಲ್ಲ. ಗಂಡಭೇರುಂಡ ಮೈಸೂರು ಒಡೆಯರ ರಾಜಚಿಹ್ನೆ. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಏಕೀಕರಣದ ನಂತರವೇ ಮೈಸೂರಿನ ಹಕ್ಕಿ ಇಲ್ಲಿನ ಕಾಗದಗಳಿಗೂ ಬಂತು. ಹಾಗೆಂದು ಅದು ಇಲ್ಲಿಯವರಿಗೆ ಪರಕೀಯವೇ? ಇದಕ್ಕೆ ಉತ್ತರ ಬೇಕಿದ್ದರೆ ಸ್ವಲ್ಪ ತಿರುಗಾಡಬೇಕು.

ಮೊದಲು ಬಾದಾಮಿ. ಇಲ್ಲಿನ ಮೂರನೆಯ ಗುಹೆ ಕ್ರಿ.ಶ. 578ರದು. ಅದರಲ್ಲಿ ಭೂದೇವಿಯನ್ನು ಎತ್ತಿದ ವರಾಹನ ದೊಡ್ಡ ಶಿಲ್ಪವಿದೆ. ವರಾಹವೇ ಚಾಲುಕ್ಯರ ಲಾಂಛನ. ಮುಂದೆ ಚಿನ್ನದ ನಾಣ್ಯಕ್ಕೆ 'ವರಹ' ಎಂಬ ಹೆಸರು ಬಂದದ್ದೂ ಈ ಗುರುತಿನಿಂದಲೇ.

ಎರಡನೆಯದು ಗಜೇಂದ್ರಗಡಕ್ಕೆ ಹತ್ತಿರದ ಸೂಡಿ. ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ರಾಜಮನೆತನದ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದ ಸಂಗತಿ ಇಲ್ಲಿನ ಶಾಸನಗಳಿಂದ ತಿಳಿಯುತ್ತದೆ. ಜೋಡು ಕಳಸದ ಗುಡಿ, ನಾಗಕುಂಡ ಇಂದಿಗೂ ನೋಡಲು ಸಿಗುತ್ತವೆ.

ಕೊನೆಯದು ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿ. ಇಲ್ಲೊಂದು ಎತ್ತರದ ಕಂಬ, ಅದರ ತುದಿಯಲ್ಲಿ ಮನುಷ್ಯನ ಮೈ, ಎರಡು ಹಕ್ಕಿಯ ತಲೆಗಳ ಗಂಡಭೇರುಂಡ! ಇದನ್ನು 1047ರಲ್ಲಿ ನಿಲ್ಲಿಸಿದವನು ಚಾಮುಂಡರಾಯ. ಅವನು ಅದೇ ಕಲ್ಯಾಣ ಚಾಲುಕ್ಯರ ಸಾಮಂತ. ಅಂದರೆ ಅಕ್ಕಾದೇವಿಯ ಸೂಡಿಯೂ ಈ ಕಂಬವೂ ಒಂದೇ ರಾಜ್ಯದೊಳಗಿದ್ದವು. ಒಡೆಯರಿಗಿಂತ ಎಷ್ಟೋ ಮೊದಲೇ ಆ ಹಕ್ಕಿ ಈ ನಾಡಿನದಾಗಿತ್ತು.

ದೂರದ ಸ್ವೀಡನ್ನಿನಲ್ಲೂ ಇಂಥದೇ ಕಥೆಯಿದೆ. 1658ರವರೆಗೆ ಡೆನ್ಮಾರ್ಕಿಗೆ ಸೇರಿದ್ದ ಸ್ಕೋನೆ ಪ್ರಾಂತದ ಗುರುತು ಹದ್ದು-ಸಿಂಹಗಳ ಬೆರಕೆಯಾದ ಗ್ರಿಫಿನ್ನಿನ ತಲೆ. ಅದು 1437ರಲ್ಲಿ ಮಾಲ್ಮೋ ಪಟ್ಟಣಕ್ಕೆ ದೊರೆತ ಲಾಂಛನದಿಂದ ಬಂದದ್ದು. ದೇಶ ಬದಲಾದರೂ ಗುರುತು ಉಳಿಯಿತು. ಅಲ್ಲಿನ ಬಾವುಟ ಕೆಂಪು ನೆಲದ ಮೇಲೆ ಹಳದಿ ಶಿಲುಬೆ. ಹಳದಿ ಬೆಳಕನ್ನು ಹೆಚ್ಚು ಪ್ರತಿಫಲಿಸುತ್ತದೆ, ಕೆಂಪು ಕಡಿಮೆ. ಆದ್ದರಿಂದ ಎರಡೂ ಸೇರಿದಾಗ ದೂರದಿಂದಲೂ ಎದ್ದು ಕಾಣುತ್ತವೆ.

ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕೊಟ್ಟ ಕನ್ನಡ ಬಾವುಟದಲ್ಲಿಯೂ ಇವೇ ಎರಡು ಬಣ್ಣಗಳು. 2018ರಲ್ಲಿ ರಾಜ್ಯ ಸರಕಾರ ಇವುಗಳ ನಡುವೆ ಬಿಳಿ ಪಟ್ಟಿ ಸೇರಿಸಿ, ಅದರಲ್ಲಿ ಲಾಂಛನವಿಟ್ಟು ನಾಡಧ್ವಜವೊಂದನ್ನು ರೂಪಿಸಿ, ಕೇಂದ್ರದ ಒಪ್ಪಿಗೆ ಕೋರಿತು. ಒಪ್ಪಿಗೆ ಬರಲಿಲ್ಲ. ಜನ ಮಾತ್ರ ರಾಜ್ಯೋತ್ಸವದಂದು ಎರಡು ಬಣ್ಣದ ಬಾವುಟವನ್ನೇ ಏರಿಸುತ್ತಾರೆ.

ರಜೆಯಲ್ಲಿ ಮಕ್ಕಳನ್ನು ಬಳ್ಳಿಗಾವಿಗೆ ಕರೆದೊಯ್ಯುವ ಪಾಲಕರು ಸರಕಾರಿ ಕಾಗದವೊಂದನ್ನೂ ಜೊತೆಗಿಟ್ಟುಕೊಳ್ಳಲಿ. ಕಲ್ಲಿನ ಹಕ್ಕಿಗೂ ಕಾಗದದ ಹಕ್ಕಿಗೂ ಏನು ವ್ಯತ್ಯಾಸ ಎಂಬುದನ್ನು ಮಕ್ಕಳೇ ಹುಡುಕಲಿ.